15 ವರ್ಷದ ಕಾಗದ

ಮುಂಬಯಿಯ ಯಾವುದಾದರೂ ದೊಡ್ಡ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು ನೋಡಿ. ಪಾತ್ರೆ ತೊಳೆಯುವವರು, ಅಡುಗೆಯವರು, ಕಾರು ಒರೆಸುವ ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿರುತ್ತಾರೆ. ಹೊಸಬಳೊಬ್ಬಳು ಬಂದರೆ ವಾಚ್‌ಮನ್ ತಡೆಯುತ್ತಾನೆ. ಆಧಾರ್ ಝೆರಾಕ್ಸ್ ಎಲ್ಲಿ? ಫೋಟೊ ಎಲ್ಲಿ? ಪೊಲೀಸ್ ವೆರಿಫಿಕೇಶನ್ ಆಗಿದೆಯೇ? ಅವನೂ ಇಂಥದೇ ಒಂದು ಕಟ್ಟನ್ನು ಏಜೆನ್ಸಿಗೆ ಕೊಟ್ಟು ಆ ಕುರ್ಚಿಯಲ್ಲಿ ಕೂತವನು. ತಮಾಷೆಯೆಂದರೆ, ಆ ಗೇಟಿನಲ್ಲಿ ಕೆಲಸಕ್ಕಾಗಿ ಪೌರತ್ವ ತೋರಿಸಬೇಕೆಂದು ಕಾನೂನು ಹೇಳಿರುವುದು ಅವನೊಬ್ಬನಿಗೇ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ಕಾವಲುಗಾರ ಭಾರತದ ಅಥವಾ ಕೇಂದ್ರ ಸರ್ಕಾರ ಸೂಚಿಸಿದ ದೇಶದ ಪ್ರಜೆಯಾಗಿರಬೇಕು, ವಯಸ್ಸು 18ರಿಂದ 65ರ ನಡುವೆ ಇರಬೇಕು. ಪಾತ್ರೆ ತೊಳೆಯುವವಳಿಗೆ ಅಂಥ ಷರತ್ತು ಹಾಕಿದ ಕಾಯ್ದೆಯಿಲ್ಲ.

ಸಂವಿಧಾನದ 19(1)ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನೂ ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕನ್ನೂ ಪ್ರಜೆಗೆ ಕೊಟ್ಟಿದೆ. ಆದರೆ 'ಈಕೆಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆ' ಎಂದು ಬರೆದುಕೊಡುವ ಕಾಗದವನ್ನು ಭಾರತದಲ್ಲಿ ಯಾವ ಕಚೇರಿಯೂ ತನ್ನ ಪ್ರಜೆಗೆ ಕೊಡುವುದಿಲ್ಲ. ಇಲ್ಲದ ಕಾಗದವನ್ನು ಎಲ್ಲರೂ ಕೇಳುತ್ತಾರೆ. ಯಾದಗಿರಿಯಿಂದಲೋ ವಿಜಯಪುರದಿಂದಲೋ ಬಂದು ನಾಕಾದಲ್ಲಿ ನಿಲ್ಲುವ ಬಿಗಾರಿಯಿಂದ ಹಿಡಿದು ಉಡುಪಿ ಹೋಟೆಲಿನ ಮಾಣಿಯವರೆಗೆ ಪ್ರತಿಯೊಬ್ಬರೂ ಅದಕ್ಕೆ ಬದಲಿಯಾಗಿ ಏನೇನೋ ತೋರಿಸುತ್ತ ಬದುಕುತ್ತಾರೆ.

ಅಮೆರಿಕದಲ್ಲಿ 1986ರ ಕಾಯ್ದೆಯ ನಂತರ ಪ್ರತಿ ಹೊಸ ನೌಕರನೂ ಐ-9 ಎಂಬ ನಮೂನೆ ತುಂಬಬೇಕು. ಯಾವ ದಾಖಲೆಗಳು ನಡೆಯುತ್ತವೆ ಎಂಬ ಪಟ್ಟಿ ಅದರಲ್ಲೇ ಅಚ್ಚಾಗಿದೆ. ಪಟ್ಟಿಯಿಂದ ಆರಿಸುವವನು ನೌಕರ. ಪಾಸ್‌ಪೋರ್ಟೇ ಬೇಕು ಎಂದು ಮಾಲೀಕ ಹಟ ಹಿಡಿಯುವಂತಿಲ್ಲ. ಹುಟ್ಟಿದ ದೇಶವನ್ನೋ ಪೌರತ್ವವನ್ನೋ ನೋಡಿ ಹಾಗೆ ಹಟ ಹಿಡಿದರೆ ದೂರು ಕೊಡಬಹುದು. ಅಲ್ಲಿಯ ವಲಸೆ ನೀತಿಯನ್ನು ಹೊಗಳಬೇಕಾಗಿಲ್ಲ, ಅದರ ಕ್ರೌರ್ಯ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದರೂ ಆ ಪಟ್ಟಿಗೆ ಒಂದು ಕೊನೆಯಿದೆ. ಮುಂಬಯಿಯ ಪಟ್ಟಿಗೆ ಕೊನೆಯಿಲ್ಲ, ಏಕೆಂದರೆ ಅದನ್ನು ಯಾರೂ ಬರೆದೇ ಇಲ್ಲ. ಆಧಾರ್ ಕೊಟ್ಟರೆ ಪ್ಯಾನ್, ಅದಾದರೆ ರೇಶನ್ ಕಾರ್ಡು, ಅದಾದರೆ ಶಾಲೆ ಬಿಟ್ಟ ದಾಖಲೆ. ಕೇಳುವವನ ಮರ್ಜಿ ಮುಗಿದಲ್ಲಿಗೆ ಪಟ್ಟಿ ಮುಗಿಯುತ್ತದೆ.

ಇಷ್ಟೆಲ್ಲ ಕೊಟ್ಟ ಮೇಲೆ ಏನಾದರೂ ಸಾಬೀತಾಗುತ್ತದೆಯೇ? 2016ರ ಆಧಾರ್ ಕಾಯ್ದೆಯ 9ನೇ ಕಲಮು ಆಧಾರ್ ಸಂಖ್ಯೆ ಪೌರತ್ವಕ್ಕಾಗಲಿ ಕಾಯಂ ನಿವಾಸಕ್ಕಾಗಲಿ ಪುರಾವೆಯಲ್ಲ ಎನ್ನುತ್ತದೆ. 2024ರ ಜನವರಿಯಲ್ಲಿ ಭವಿಷ್ಯ ನಿಧಿ ಸಂಸ್ಥೆ ಹುಟ್ಟಿದ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್, ಠಾಣೆಯ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸುತ್ತ, ಆಧಾರ್, ಪ್ಯಾನ್, ಮತದಾರರ ಚೀಟಿ ಇದ್ದ ಮಾತ್ರಕ್ಕೆ ಯಾರೂ ಪ್ರಜೆಯಾಗುವುದಿಲ್ಲ ಎಂದಿತು. ಕಾನೂನಿನ ದೃಷ್ಟಿಯಲ್ಲಿ ಆ ಮಾತು ತಪ್ಪೇನಲ್ಲ. ಆದರೆ ಬಡವನ ತಗಡಿನ ಪೆಟ್ಟಿಗೆಯಲ್ಲಿರುವುದು ಆ ಮೂರೇ. ಪಾಸ್‌ಪೋರ್ಟು ಇದ್ದವನು ನಾಕಾದಲ್ಲಿ ಏಕೆ ನಿಲ್ಲುತ್ತಾನೆ?

ಕಾಗದ ಸೋತಾಗ ಏನಾಗುತ್ತದೆ ಎಂಬುದು 2025ರ ಜೂನ್‌ನಲ್ಲಿ ಕಂಡಿತು. ಪಶ್ಚಿಮ ಬಂಗಾಳದ ಮುರ್ಷಿದಾಬಾದಿನಿಂದ ಬಂದು ಮೀರಾ ರೋಡಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದವನನ್ನು ಬಾಂಗ್ಲಾದೇಶಿಯೆಂದು ಹಿಡಿದರು, ಗಡಿಗೆ ಒಯ್ದರು, ಆಚೆ ದಬ್ಬಿದರು. ಮನೆಯವರು ಊರಿನಿಂದ ದಾಖಲೆ ಕಳಿಸಿದ್ದರು. ಕೆಲವೇ ದಿನಗಳಲ್ಲಿ ಅವನನ್ನೂ ಅವನಂಥ ಬೇರೆ ಕೆಲವರನ್ನೂ ಭಾರತವೇ ವಾಪಸು ಕರೆಸಿಕೊಂಡಿತು. ಅವರು ಇಲ್ಲಿಯವರೇ ಆಗಿದ್ದರು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊರೆ ಅನುಮಾನಕ್ಕೆ ಗುರಿಯಾದವನದೇ. 1946ರ ವಿದೇಶಿಯರ ಕಾಯ್ದೆಯಲ್ಲಿದ್ದ ಈ ನಿಯಮ 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಅವರನ್ನು ಹಿಡಿಸಿದ್ದು ಕಾಗದದ ಕೊರತೆಯಲ್ಲ, ಬಾಯಿಂದ ಹೊರಟ ಬಂಗಾಳಿ. ಕನ್ನಡಿಗರು 'ನಮಗೇನು' ಎಂದು ಕೂರುವ ಮೊದಲು ಒಮ್ಮೆ ಹಿಂದೆ ನೋಡಬೇಕು. 1960ರ ದಶಕದಲ್ಲಿ 'ಮಾರ್ಮಿಕ್' ವಾರಪತ್ರಿಕೆ ಮುಂಬಯಿಯ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದ್ದು ಆ ಬಿಸಿಯಲ್ಲೇ. ಆಗ ಬೇಕಿದ್ದ ದಾಖಲೆ ಒಂದೇ: ಅಡ್ಡಹೆಸರು.

ಹೆಸರಿನ ಗೋಳು ಈಗಲೂ ಮುಗಿದಿಲ್ಲ, ರೂಪ ಬದಲಾಗಿದೆ ಅಷ್ಟೆ. ಯಲ್ಲವ್ವ ಎಂಬ ಹೆಸರನ್ನು ತೆಗೆದುಕೊಳ್ಳಿ. ಊರಿನ ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ ಯಲ್ಲವ್ವ. ಆಧಾರ್ ಮಾಡಿಸಿದ ಹುಡುಗ ಇಂಗ್ಲಿಷಿನಲ್ಲಿ ವೈ ನಂತರ ಎ ಹಾಕಿದ, ಪ್ಯಾನ್ ಮಾಡಿಸಿದ ಏಜೆಂಟ್ ಇ ಹಾಕಿದ. ಒಬ್ಬ ಎರಡು ವಿ ಬರೆದರೆ ಇನ್ನೊಬ್ಬ ಡಬ್ಲ್ಯು ಬರೆದ. ಮುಂಬಯಿಯ ರೇಶನ್ ಕಾರ್ಡು ದೇವನಾಗರಿಯಲ್ಲಿ. ಕೊನೆಯ ಹ್ರಸ್ವ ಅಲ್ಲಿ ದೀರ್ಘವಾಗಿ ಯಲ್ಲವ್ವಾ ಆಯಿತು. ಮಹಾರಾಷ್ಟ್ರದ ಪದ್ಧತಿಯಂತೆ ಗುಮಾಸ್ತ ನಡುವೆ ಗಂಡನ ಹೆಸರು ಸೇರಿಸಿದ, ಕೊನೆಗೆ ಅಡ್ಡಹೆಸರು ಕೇಳಿದ. ಅಡ್ಡಹೆಸರು ಇಲ್ಲದ ಮನೆತನ, ಊರ ಹೆಸರನ್ನೇ ಹೇಳಿದಳು. ಅಪ್ಪನ ಹೆಸರಿನ ಇನಿಶಿಯಲ್ ಸಾಕು ಎಂದುಕೊಂಡ ಕರಾವಳಿಯವನಿಗೂ ಸುಖವಿಲ್ಲ, ಪ್ಯಾನ್ ಅರ್ಜಿಯ ಕೊನೆಯ ಹೆಸರಿನ ಖಾನೆಯಲ್ಲಿ ಇನಿಶಿಯಲ್ ನಡೆಯುವುದಿಲ್ಲ. ಕನ್ನಡದ ಒಂದು ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ ಇರುವುದು ಯಾರ ತಪ್ಪೂ ಅಲ್ಲ. ತ ಬರೆಯಲು ದಕ್ಷಿಣದವರು ಎಚ್ ಸೇರಿಸುತ್ತಾರೆ, ಮುಂಬಯಿಯವರು ಬಿಡುತ್ತಾರೆ. ಶಾಂತವ್ವ ಎರಡು ಊರಿನಲ್ಲಿ ಇಬ್ಬರಾಗುತ್ತಾಳೆ. ಕಿವಿಗೆ ಗೊತ್ತಾಗುವುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅಕ್ಷರ ಹೊಂದದಿದ್ದರೆ ಭವಿಷ್ಯ ನಿಧಿಯ ಹಣ ನಿಲ್ಲುತ್ತದೆ. ತಾನೇ ದುಡಿದ ಹಣವನ್ನು ತೆಗೆದುಕೊಳ್ಳಲು ತಾನೇ ತಾನೆಂದು ಅಫಿಡವಿಟ್ ಮಾಡಿಸಬೇಕು. ಅದಕ್ಕೆ ಏಜೆಂಟನ ಖರ್ಚು, ಕಚೇರಿಗೆ ಹೋದ ದಿನದ ಕೂಲಿ, ಎರಡೂ ಅವಳ ಗಂಟಿನಿಂದಲೇ.

ಇನ್ನು ಡೊಮಿಸೈಲ್. 15 ವರ್ಷ ಮಹಾರಾಷ್ಟ್ರದಲ್ಲಿ ಇದ್ದೆನೆಂದು ತಹಶೀಲ್ದಾರ ಕಚೇರಿ ಕೊಡುವ ಕಾಗದ. ಬಾಡಿಗೆ ಕರಾರಿಲ್ಲದ ಖೋಲಿಯಲ್ಲಿ, ಹೋಟೆಲಿನ ಅಟ್ಟದಲ್ಲಿ, ಕಟ್ಟುತ್ತಿರುವ ಕಟ್ಟಡದ ತಳದಲ್ಲಿ ಮಲಗಿದವನು 15 ವರ್ಷವನ್ನು ಯಾವ ಲೈಟ್ ಬಿಲ್ಲಿನಿಂದ ತೋರಿಸಬೇಕು? 2010ರ ಜನವರಿಯಲ್ಲಿ ಅಶೋಕ್ ಚವಾಣ್ ಸರ್ಕಾರ ಹೊಸ ಟ್ಯಾಕ್ಸಿ ಪರ್ಮಿಟ್ಟಿಗೆ ಈ 15 ವರ್ಷದ ಜೊತೆ ಮರಾಠಿ ಓದು ಬರಹವನ್ನೂ ಕೇಳಿತು, ಗದ್ದಲವಾದಾಗ ಭಾಷೆಯ ಮಾತನ್ನು ಸಡಿಲಿಸಿತು. 2016ರಲ್ಲಿ ಆಟೊ ಪರ್ಮಿಟ್ಟಿಗೆ ಮರಾಠಿ ಕಡ್ಡಾಯ ಮಾಡಿದ ಸುತ್ತೋಲೆಯನ್ನು ಮರುವರ್ಷ ಬಾಂಬೆ ಹೈಕೋರ್ಟ್ ರದ್ದು ಮಾಡಿತು.

ಇದನ್ನು ಓದಿ ಮರಾಠಿಗರ ಮೇಲೆ ಹಲ್ಲು ಕಡಿಯುವ ಕನ್ನಡಿಗರು 2024ರ ಜುಲೈಯನ್ನು ಮರೆಯಬಾರದು. ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸ್ಥಳೀಯ ಎಂದರೆ ರಾಜ್ಯದಲ್ಲಿ ಹುಟ್ಟಿ 15 ವರ್ಷ ನೆಲೆಸಿ ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. ಅದೇ 15! ಹರಿಯಾಣದ ಶೇ. 75ರ ಕಾಯ್ದೆಯನ್ನು ಹೈಕೋರ್ಟ್ ಹೊಡೆದುಹಾಕಿ ವರ್ಷವೂ ಆಗಿರಲಿಲ್ಲ. ಉದ್ಯಮಿಗಳ ಕೂಗಿಗೆ ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲ್ಪಟ್ಟಿತು, ಆದರೆ ಅದಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ಮುಂಬಯಿಯಲ್ಲಿ ಅಣ್ಣನೋ ಮಾವನೋ ದುಡಿಯುತ್ತಿರುವ ಮನೆಯವರೂ ಇದ್ದಾರು. ಸ್ಥಳೀಯನಿಗೆ ಕೆಲಸ ಸಿಗಬೇಕೆಂಬುದು ನ್ಯಾಯವಾದ ಆಸೆ. ಅದನ್ನು ಕಾಗದದಿಂದ ಅಳೆದರೆ ಮೊದಲು ಹೊರಬೀಳುವವನು ಕಾಗದವಿಲ್ಲದ ಸ್ಥಳೀಯನೇ. ಯಾದಗಿರಿಯ ಓದುಬರಹ ಬಾರದ ಕೂಲಿ ಆ ಮಸೂದೆಯ ಪ್ರಕಾರ ಕನ್ನಡಿಗನಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಮಾಲೀಕ ಕೇಳಬಹುದಾದ ದಾಖಲೆಗಳ ಚಿಕ್ಕ ಪಟ್ಟಿಯೊಂದನ್ನು ಸರ್ಕಾರ ಪ್ರಕಟಿಸಲಿ, ಅದರಲ್ಲಿ ಯಾವುದಾದರೂ ಒಂದು ಸಾಕು, ಆರಿಸುವವನು ಕೆಲಸಗಾರ. ಅಸಲು ಕಾಗದ ಇಟ್ಟುಕೊಳ್ಳುವುದು ಅಪರಾಧವಾಗಲಿ. ಕಾಗುಣಿತ ಹೊಂದದಿದ್ದರೆ ಹೊಂದಿಸುವ ಕೆಲಸ ಕಾಗದ ಕೊಟ್ಟ ಕಚೇರಿಯದು, ಹೊತ್ತವಳದಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಖಾಸಗಿಯವರು ಕರಾರಿನ ಬಲದಿಂದ ಆಧಾರ್ ದೃಢೀಕರಣ ಕೇಳುವ ದಾರಿಯನ್ನು ಸುಪ್ರೀಂ ಕೋರ್ಟ್ ಮುಚ್ಚಿತ್ತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರು ಗೆದ್ದದ್ದು ಸೊಸೈಟಿಯ ಗೇಟಿಗೆ ಇನ್ನೂ ತಲುಪಿಲ್ಲ. ಮುಂಬಯಿಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸಭಾಭವನ ತುಂಬಿಸಬಲ್ಲವು. ಭಾನುವಾರ ಒಂದು ಮೇಜು, ಇಬ್ಬರು ಕನ್ನಡವನ್ನೂ ಮರಾಠಿಯನ್ನೂ ಬಲ್ಲವರು, ಯಲ್ಲವ್ವನ ನಾಲ್ಕು ಕಾಗುಣಿತವನ್ನು ಒಂದಾಗಿಸುವ ಅರ್ಜಿ ಬರೆದುಕೊಡಲು. ಅಷ್ಟನ್ನು ಈ ವಾರವೇ ಶುರು ಮಾಡಬಹುದು.