ಒಂದು ಪೌಂಡು ಹೆಚ್ಚಾದರೆ ನಷ್ಟ ಅಡ!

ಇಂಗ್ಲೆಂಡಿಂಗೆ ಮಗಳಲ್ಲಿಗೆ ಹೋಗಿ ಬಂದ ಮತ್ತೆ ಕಂಡೋರೆಲ್ಲ ಕೇಳುದು ಅಲ್ಲಿಯಾಣ ಚಳಿಯ ವಿಷಯ. ಕರೆಂಟಿನ ಒಲೆಲಿ ದೋಸೆ ಏಳ್ತೋ ಹೇಳಿಯೂ ಕೇಳ್ತವು. ಏಳ್ತು, ಕಾವಲಿ ಇಲ್ಲಿಂದ ತೆಕ್ಕೊಂಡು ಹೋಯೆಕ್ಕು ಅಷ್ಟೆ. ಎನ್ನ ತಲೆಲಿ ಒಳುದ್ದು ಬೇರೆ ಸಂಗತಿ. ಆಫೀಸಿಲಿ ಮೇಗಾಣ ಹುದ್ದೆ ಕೊಡ್ತೆಯೊ ಹೇಳಿ ಕರದು ಹೇಳಿರೆ, ಮಗಳು ಬೇಡ ಹೇಳಿತ್ತು. ಎಂತಕೆ? ಸಂಬಳ ಹೆಚ್ಚಾವುತ್ತು ಹೇಳುವ ಕಾರಣಕ್ಕೆ!

ಕೇಳಿರೆ ನೆಗೆ ಬತ್ತಲ್ದಾ? ಎನಗೂ ಬಂತು. ಒಂದು ಇರುಳು ಪುಳ್ಳಿ ಒರಗಿದ ಮತ್ತೆ, ಕಾಗದ ಪೆನ್ನು ಹಿಡುದು ಮಗಳ ಹತ್ತರೆ ಕೂದು ಲೆಕ್ಕ ಕೇಳಿದೆ. ಆನು ಪಿಯುಸಿ ಕಲ್ತೋಳು, ಅದೂ ಕಾಮರ್ಸು. ಅಷ್ಟು ಲೆಕ್ಕ ಅರ್ಥ ಆಗದ್ದೆ ಇಲ್ಲೆ. (ಸಂಬಳ ಊರಿಂಗೆಲ್ಲ ಹೇಳ್ಲಾಗ ಹೇಳಿದ್ದು ಮಗಳು. ಹಾಂಗಾಗಿ ಅದರ ಸಂಖ್ಯೆಗಳ ರಜ ಆಚೀಚೆ ಮಾಡಿ ಬರೆತ್ತೆ.)

ಅಲ್ಲಿ ವರ್ಷಕ್ಕೆ 12,570 ಪೌಂಡಿನವರೆಗೆ ತೆರಿಗೆ ಇಲ್ಲೆ. ಅಲ್ಲಿಂದ 50,270ರವರೆಗೆ ನೂರಕ್ಕೆ 20, ಮತ್ತೆ 40, 1,25,140 ದಾಂಟಿರೆ 45. ನಮ್ಮ ಸ್ಲ್ಯಾಬಿನ ಹಾಂಗೇ, ಮೆಟ್ಲು ಮೆಟ್ಲು. ಆದರೆ ಒಂದು ಲಕ್ಷ ದಾಂಟಿರೆ ಸುರುವಾಣ 12,570ರ ಮಾಫಿಯನ್ನೂ ಎರಡು ಪೌಂಡಿಂಗೆ ಒಂದರ ಹಾಂಗೆ ಹಿಂದೆ ತೆಗೆತ್ತವು. ಅದರಿಂದಾಗಿ ಲಕ್ಷಂದ ಮೇಗಾಣ ಪ್ರತಿ ನೂರಿಲಿ 60 ತೆರಿಗೆಗೇ ಹೋತು. ನ್ಯಾಷನಲ್ ಇನ್ಶೂರೆನ್ಸ್ ಹೇಳುವ ವಂತಿಗೆ ಮತ್ತೆ 2. ಇದಾದರೂ ಅಕ್ಕು, ಹೆಚ್ಚಿದ್ದೋರು ಹೆಚ್ಚು ಕೊಡಲಿ.

ಮಕ್ಕಳ ವಿಷಯಲ್ಲಿ ಮೆಟ್ಲು ಇಲ್ಲೆ, ಧರೆಯೇ ಇಪ್ಪದು. ಅಬ್ಬೆ ಅಪ್ಪ ಇಬ್ರೂ ದುಡಿವ ಮನೆಲಿ, 9 ತಿಂಗಳು ತುಂಬಿದ ಮಗುವಿಂಗೆ ಶಾಲೆ ಸೇರುವನ್ನಾರ ವಾರಕ್ಕೆ 30 ಗಂಟೆ, ವರ್ಷಲ್ಲಿ 38 ವಾರ, ನರ್ಸರಿಯ ಪೈಸೆ ಸರ್ಕಾರ ಕೊಡ್ತು. 2025ರ ಸೆಪ್ಟೆಂಬರಿಂದ ಹೀಂಗೆ. ಅದರ ಮೇಲೆ ನಾವು 8 ಪೌಂಡು ಹಾಕಿರೆ ಸರ್ಕಾರ 2 ಸೇರ್ಸುತ್ತು, ವರ್ಷಕ್ಕೆ ಒಂದು ಮಗುವಿಂಗೆ 2,000ದವರೆಗೆ. ಇಬ್ರಲ್ಲಿ ಒಬ್ಬನ ಆದಾಯ ಒಂದು ಲಕ್ಷಂದ ಒಂದೇ ಒಂದು ಪೌಂಡು ಹೆಚ್ಚಾತೋ, ಎರಡೂ ಇಲ್ಲೆ. ಪೂರಾ ಇಲ್ಲೆ!

ಪುಳ್ಳಿಯ ನರ್ಸರಿಗೆ ತಿಂಗಳಿಂಗೆ 1,700 ಪೌಂಡು, ಹೇಳಿರೆ ವರ್ಷಕ್ಕೆ 20,400. ಸರ್ಕಾರದ್ದು ಎರಡೂ ಸಿಕ್ಕಿದ ಮತ್ತೆ ಇವು ಕೊಡುದು 8,800. ಮಗಳ ಸಂಬಳ 99,000ಂದ 1,04,000 ಆದರೆ 5,000 ಹೆಚ್ಚು, ಕೈಗೆ ಬಪ್ಪದು 2,100. ನರ್ಸರಿಗೆ ಹೆಚ್ಚಿಗೆ ಹೋಪದು 11,600. ಆನು ಎರಡು ಸರ್ತಿ ಕೂಡ್ಸಿ ಕಳದೆ. ಅಪ್ಪು, ಹಾಂಗೇ.

ಅಳಿಯ° ಒಂದು ದಾರಿ ಹೇಳಿದ°. ಆ 4,000ವ ಪೆನ್ಷನ್ನಿಂಗೆ ಹಾಕಿರೆ ಆದಾಯ ಲಕ್ಷದ ಒಳವೇ ನಿಲ್ಲುತ್ತು, ನರ್ಸರಿದೂ ಒಳಿತ್ತು. “57 ವರ್ಷ ಅಪ್ಪನ್ನಾರ ಆ ಪೈಸೆಯ ಮುಟ್ಲಾಗ ಅಮ್ಮಾ, ಕೈಗೆ ಬಪ್ಪದು ವರ್ಷಕ್ಕೆ 580 ಪೌಂಡು. ಅದಕ್ಕೆ ಇರುಳು ಎಂಟು ಗಂಟೆವರೆಗೆ ಮೀಟಿಂಗು ಆರಿಂಗೆ ಬೇಕು?” ಕೇಳಿತ್ತು ಮಗಳು.

ಇಲ್ಲಿ ಎನ್ನ ಅಭಿಪ್ರಾಯ ಬೇರೆ. ಎನಗೀಗ 56. ಎನ್ನ ಹೆಸರಿಲಿ ಪೆನ್ಷನ್ನು ಇಲ್ಲೆ, ಒಂದು ಪೈಸೆ ಇಲ್ಲೆ. ಇವಕ್ಕೆ ಬ್ಯಾಂಕಿಂದ ಬತ್ತು, ಅದರಲ್ಲಿ ಆನುದೇ ಉಣ್ತೆ, ಕೊರತೆ ಮಾಡಿದ್ದವಿಲ್ಲೆ. ಆದರೆ ತಂಗೆಯ ಮಗಳ ಮದುವೆಗೆ ಒಂದು ಸೀರೆ ಕೊಡೆಕ್ಕಾರೂ ಇವರ ಹತ್ತರೆ ಬಾಯಿ ಬಿಟ್ಟು ಕೇಳೆಕ್ಕು. ಹಾಂಗಿಪ್ಪಗ ತನ್ನದೇ ಹೆಸರಿಲಿ ವರ್ಷಕ್ಕೆ 4,000 ಪೌಂಡು ಒಳಿತ್ತು ಹೇಳಿರೆ ಅದರ ಬೇಡ ಹೇಳುಲಾಗ ಹೇಳಿ ಎನ್ನ ವಾದ. ಪುಳ್ಳಿ ನಾಕು ವರ್ಷಲ್ಲಿ ಶಾಲೆಗೆ ಹೋಕು. ಬಿಟ್ಟ ಹುದ್ದೆ ಅಷ್ಟಪ್ಪಗ ತಿರುಗಿ ಸಿಕ್ಕುಗೋ? ಮಗಳು ಮಾತಾಡಿದ್ದಿಲ್ಲೆ, ಲ್ಯಾಪ್‌ಟಾಪು ಮುಚ್ಚಿ ಒರಗಲೆ ಹೋತು.

“ಲಕ್ಷ ಪೌಂಡು ದುಡಿವೋರಿಂಗೆ ಸರ್ಕಾರದ ಪೈಸೆ ಎಂತಕೆ?” ಹೇಳಿ ನಿಂಗೊ ಕೇಳುವಿ. ಸರಿಯಾದ ಪ್ರಶ್ನೆ. ಅಂಬಗ ಇದರ ನೋಡಿ. ಗೆಂಡ-ಹೆಂಡತಿ ತಲಾ 99,000 ತಪ್ಪ ಮನೆಗೆ ಎಲ್ಲವೂ ಸಿಕ್ಕುತ್ತು. ಒಬ್ಬ° 1,01,000, ಹೆಂಡತಿ ಅಂಗಡಿಲಿ ಅರ್ಧ ದಿನ ನಿಂಬದು, ಆ ಮನೆಗೆ ಎಂತದೂ ಇಲ್ಲೆ. ಮನೆಯ ಒಲೆ ಒಂದೇ ಅಲ್ದಾ, ಲೆಕ್ಕ ಎಂತಕೆ ಬೇರೆ ಬೇರೆ? ಇನ್ನು ಕೆಲಸದ ವೀಸಾಲ್ಲಿ ಹೋದ ನಮ್ಮ ಊರಿನ ಮಕ್ಕೊ, ಇಬ್ರೂ ವೀಸಾಲ್ಲೇ ಇದ್ದರೆ ಅವಕ್ಕೆ ಇದು ಸುರುವಿಂದಲೇ ಇಲ್ಲೆ, ತೆರಿಗೆ ಮಾಂತ್ರ ಎಲ್ಲೋರ ಹಾಂಗೇ. ಮಗಳಿಂಗೆ ಅಲ್ಲಿ ಖಾಯಂ ಇಪ್ಪಲೆ ಒಪ್ಪಿಗೆ ಆದ ಕಾರಣ ಸಿಕ್ಕಿದ್ದು.

ಮದಲು ಅಲ್ಲಿ ಇದಕ್ಕಿಂತ ಬುದ್ಧಿವಂತಿಗೆ ಇತ್ತು. ಕೆಲಸಕ್ಕಿಪ್ಪಲ್ಲಿಂದಲೇ ಮಕ್ಕಳ ನೋಡಿಗೊಂಬಲೆ ವೋಚರು ಕೊಟ್ಟುಗೊಂಡಿತ್ತವು. 20ರ ಮೆಟ್ಲಿಲಿಪ್ಪೋರಿಂಗೆ ವಾರಕ್ಕೆ 55 ಪೌಂಡು, 40ರೋರಿಂಗೆ 28, 45ರೋರಿಂಗೆ 25. ಮೇಗೆ ಹೋದ ಹಾಂಗೆ ಕಮ್ಮಿ. ಗುಣಿಸಿ ನೋಡಿ, ಎಲ್ಲೋರಿಂಗೂ ತೆರಿಗೆಲಿ ಒಳಿವದು ಹನ್ನೊಂದೇ ಪೌಂಡು! 2018ರ ಅಕ್ಟೋಬರಿಂದ ಹೊಸಬರಿಂಗೆ ಅದು ಬಂದ್. ಮಗಳ ಆಫೀಸಿಲಿ ಹಳೆ ಒಂದು ಹೆಂಗಸಿಂಗೆ ಈಗಳೂ ಬತ್ತಡ.

ನಮ್ಮಲ್ಲಿ ಇವಕ್ಕೆ ಕೆಲಸ ಇಪ್ಪಗ ಮಕ್ಕಳ ಓದಿನ ಭತ್ಯೆಲಿ ತೆರಿಗೆ ಮಾಫಿ ಇದ್ದದು ಒಂದು ಮಗುವಿಂಗೆ ತಿಂಗಳಿಂಗೆ 100 ರುಪಾಯಿ. ಯೂನಿಫಾರ್ಮಿನ ಗುಬ್ಬಿಗೂ ಸಾಕಾಗ. ಆದರೆ ಧರೆಗೆ ಬೇಲಿ ಹಾಕುವ ಬುದ್ಧಿ ನಮ್ಮೋರಿಂಗೆ ಇದ್ದು. ಹೊಸ ಪದ್ಧತಿಲಿ 12 ಲಕ್ಷದವರೆಗೆ ತೆರಿಗೆ ಇಲ್ಲೆನ್ನೆ? ಅದರಿಂದ ಹತ್ತು ಸಾವಿರ ಹೆಚ್ಚಾದರೆ, ಸೆಸ್ಸು ಬಿಟ್ಟು, ತೆರಿಗೆ ಆ ಹತ್ತು ಸಾವಿರಂದ ಹೆಚ್ಚಪ್ಪಲಾಗ ಹೇಳಿ ನಿಯಮ. ಅಷ್ಟು ಮಾಡ್ಲೆ ಆ ದೊಡ್ಡ ಸರ್ಕಾರಕ್ಕೆ ಎಡಿತ್ತಿಲ್ಲೆಯೋ?

ಆನು ಆರು ತಿಂಗಳು ಪುಳ್ಳಿಯ ಮೀಶಿದೆ, ಉಣ್ಸಿದೆ, ಜ್ವರ ಬಂದಿಪ್ಪಗ ಇರುಳಿಡೀ ಎತ್ತಿಗೊಂಡು ಕೂದೆ. ಅದು ಯಾವ ಮೆಟ್ಲಿಲಿಯೂ ಇಲ್ಲೆ ಬಿಡಿ. ಮೊನ್ನೆ ಮಗಳು ಫೋನು ಮಾಡಿತ್ತು. ಆ ಹುದ್ದೆಗೆ ಇನ್ನೂ ಆರನ್ನೂ ತೆಕ್ಕೊಂಡಿದವಿಲ್ಲೆಡ, ಮತ್ತೊಂದರಿ ಕೇಳಿದವಡ. “ಪೆನ್ಷನ್ನಿನ ಕಾಗದ ಒಂದರಿ ಸಮಕ್ಕೆ ಓದ್ತೆ” ಹೇಳಿತ್ತು. ಆನು ಹೆಚ್ಚು ಮಾತಾಡಿದ್ದಿಲ್ಲೆ, ಹಪ್ಪಳ ಕಳುಸೆಕ್ಕೋ ಕೇಳಿದೆ.