ಹಿತ್ತಲ ಕುಂಬಳ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಕೈಗೆಟುಕುವಷ್ಟು ಹತ್ತಿರವಿರುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯದು ಎಂಬುದು ಅದರ ತಾತ್ಪರ್ಯ. ಈ ಮಾತಿಗೆ ಕುಂಬಳದ ಬಳ್ಳಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ತಿಪ್ಪೆಯ ಮಗ್ಗುಲಲ್ಲಿ ಹುಟ್ಟಿ, ಬಚ್ಚಲ ನೀರು ಕುಡಿದು, ಬೇಲಿಯ ಮೇಲೋ ಕೊಟ್ಟಿಗೆಯ ಮಾಡಿನ ಮೇಲೋ ಹಬ್ಬುವ ಈ ಬಳ್ಳಿಯನ್ನು ಬೆಳೆಯೆಂದು ಎಣಿಸುವವರು ವಿರಳ. ಅದರ ಬೀಜವನ್ನು ಆರಿಸಿ ಇಡುವ ಕೆಲಸವನ್ನು ವಿದ್ಯೆಯೆಂದು ಎಣಿಸುವವರು ಇನ್ನೂ ವಿರಳ. ಆದರೆ ಅದು ನಿಜವಾದ ವಿದ್ಯೆ. ಒಮ್ಮೆ ಕೈಬಿಟ್ಟರೆ ಮರಳಿ ಪಡೆಯುವುದು ಸುಲಭವಲ್ಲದ ವಿದ್ಯೆ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಮುಳ್ಳಯ್ಯನಗಿರಿಯ ಮಂಜು, ಕಾಫಿ ತೋಟಗಳ ನೆರಳು ಕಣ್ಣ ಮುಂದೆ ಬರುತ್ತವೆ. ಆದರೆ ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಸೀಮೆ ಬೇರೆಯೇ ಲೋಕ. ಅದು ಬೆಟ್ಟಸಾಲುಗಳ ಮಳೆನೆರಳಿನಲ್ಲಿರುವ ಬಯಲುಸೀಮೆ. ರಾಗಿ, ತೆಂಗುಗಳ ನಾಡು. ಮೋಡವನ್ನು ನೋಡಿಯೇ ಬಾಳುವೆಯನ್ನು ಅಳೆಯಬೇಕಾದ ಇಂತಹ ಕಡೆಯಲ್ಲಿ, ಮನೆಯಲ್ಲಿ ಬಳಸಿ ಚೆಲ್ಲಿದ ನೀರಿನಿಂದಲೇ ಬೆಳೆಯುವ ಬಳ್ಳಿ ಅಲ್ಪವಾದುದಲ್ಲ. ಅದರ ಎಳೆಯ ಕುಡಿ, ಹೂವು, ಕಾಯಿ, ಹಣ್ಣು, ಬೀಜ ಎಲ್ಲವೂ ತಿನ್ನಲು ಬರುತ್ತವೆ. ಚೆನ್ನಾಗಿ ಬಲಿತ ಹಣ್ಣು ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಬೇಸಿಗೆಯಲ್ಲಿ ಸೊಪ್ಪು ತರಕಾರಿಗಳು ದುರ್ಲಭವಾದಾಗ ಹುಳಿಗೂ ಪಲ್ಯಕ್ಕೂ ಒದಗುವುದು ಅದೇ.

ಸಿಹಿಗುಂಬಳ ಈ ನೆಲದಲ್ಲಿ ಹುಟ್ಟಿದುದಲ್ಲ ಎಂಬುದು ಹಲವರಿಗೆ ಅಚ್ಚರಿಯ ಸಂಗತಿ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಆ ಖಂಡವನ್ನು ತಲುಪಿದ ಮೇಲೆ ಯುರೋಪಿನ ನಾವಿಕರ ಮೂಲಕ ಅದು ಲೋಕದ ಇತರ ಭಾಗಗಳಿಗೆ ಹರಡಿತು. ಅದಕ್ಕೆ ಮುನ್ನ ಇಲ್ಲಿ ಕುಂಬಳವೆಂದರೆ ಬೂದುಗುಂಬಳ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಗೆ ಅರ್ಥ ಬರುವುದೂ ಅದರಿಂದಲೇ. ಹೊತ್ತವನ ಹೆಗಲಿಗೆ ಬೂದಿ ಅಂಟಿಸುವ ಕಾಯಿ ಅದೊಂದೇ. ಹೀಗೆ ಹೊರಗಿನಿಂದ ಬಂದ ಸಿಹಿಗುಂಬಳ ಇಂದು ನಾಟಿ ತಳಿ ಎನಿಸಿಕೊಂಡಿದೆ. ಯಾವುದೇ ತಳಿಯನ್ನು ತಮ್ಮದಾಗಿಸುವುದು ಅದರ ಹುಟ್ಟೂರಲ್ಲ. ತಲೆಮಾರುಗಳ ಕಾಲ ಅದನ್ನು ಬಿತ್ತಿ, ರುಚಿ ನೋಡಿ, ಆರಿಸಿ ಉಳಿಸಿದ ಜನರ ಶ್ರದ್ಧೆ. ಈ ಕೆಲಸದಲ್ಲಿ ದೊಡ್ಡ ಪಾಲು ಹೆಂಗಸರದು. ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯೊಡನೆ ಗೋಡೆಗೆ ಮೆತ್ತಿ ಕಾಪಾಡಿದವರು ಅವರು. ಅವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ತೀರ್ಪು ಮಾತ್ರ ಪ್ರತಿ ಬೀಜದಲ್ಲಿಯೂ ಇದೆ.

ಆಯ್ಕೆಯ ಕ್ರಮವನ್ನು ಅರಿಯಬೇಕಾದರೆ ಬಳ್ಳಿಯ ಸ್ವಭಾವವನ್ನು ಅರಿಯಬೇಕು. ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆಯಾಗಿ ಒಂದೇ ಬಳ್ಳಿಯಲ್ಲಿ ಅರಳುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುತ್ತದೆ. ಹೂವು ಮುಂಜಾನೆ ಅರಳಿ ಹೊತ್ತೇರುವುದರೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಜೇನುಹುಳು ಪರಾಗವನ್ನು ಒಯ್ಯಬೇಕು. ನೆರೆಯ ಹಿತ್ತಲಿನ ಬೇರೆ ತಳಿಯ ಪರಾಗ ಬಿದ್ದರೂ ಈ ವರ್ಷದ ಹಣ್ಣು ಬದಲಾಗದು. ಬದಲಾಗುವುದು ಅದರೊಳಗಿನ ಬೀಜದಿಂದ ಮುಂದಿನ ವರ್ಷ ಹುಟ್ಟುವ ಬಳ್ಳಿ. ಆದುದರಿಂದ ತಳಿ ಶುದ್ಧವಾಗಿರಬೇಕೆನ್ನುವವರು ಸಂಜೆ ಮೊಗ್ಗುಗಳ ತುದಿಗೆ ದಾರ ಕಟ್ಟಿ, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಾವೇ ಸೋಕಿಸಿ, ಮತ್ತೆ ಕಟ್ಟಿ, ಆ ಕಾಯಿಗೆ ಗುರುತು ಇಡಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇದು ಅಸಾಧ್ಯವಾದ ಕೆಲಸವೇನೂ ಅಲ್ಲ.

ಆದರೆ ಅನೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮೊದಲ ಚೆಲುವಾದ ಕಾಯಿಗಳನ್ನು ಎಳೆಯದರಲ್ಲಿಯೇ ಕೊಯ್ದು ತಿನ್ನುತ್ತಾರೆ. ಬಳ್ಳಿ ಸೊರಗಿದ ಮೇಲೆ ಬಿಟ್ಟ ಗೊಡ್ಡು ಕಾಯಿಯನ್ನು ಬೀಜಕ್ಕೆ ಉಳಿಸುತ್ತಾರೆ. ಹೀಗೆ ಮಾಡಿದವರು ತಾವರಿಯದೆಯೇ ದುರ್ಬಲತೆಯನ್ನು ಆರಿಸುತ್ತಿರುತ್ತಾರೆ. ಹಣ್ಣಿನ ಗಾತ್ರವೊಂದನ್ನೇ ನೋಡಿ ಬೀಜ ಇಡುವುದೂ ತಪ್ಪು. ನೋಡಬೇಕಾದುದು ಇಡೀ ಬಳ್ಳಿಯನ್ನು: ಮಳೆ ಕೈಕೊಟ್ಟಾಗ ಅದು ತಾಳಿತೇ, ಹಣ್ಣುನೊಣದ ಕಾಟದಲ್ಲಿಯೂ ಕಾಯಿ ಉಳಿಸಿಕೊಂಡಿತೇ, ಹಣ್ಣು ಎಷ್ಟು ಕಾಲ ಕೆಡದೆ ನಿಂತಿತು ಎಂಬುದನ್ನು. ಸಿಹಿಗುಂಬಳದಲ್ಲಿ ಇನ್ನೊಂದು ಅನುಕೂಲವಿದೆ. ಹೀರೆ, ಸೋರೆಗಳಲ್ಲಿ ಬೀಜಕ್ಕೆ ಬಿಟ್ಟ ಕಾಯಿ ಅಡುಗೆಗೆ ಒದಗದು. ಕುಂಬಳದಲ್ಲಿಯಾದರೋ ಬಲಿತ ಹಣ್ಣನ್ನು ಉಂಡು, ರುಚಿಯನ್ನು ತಿಳಿದು, ಅದರದೇ ಬೀಜವನ್ನು ಇಡಬಹುದು. ಒಂದೇ ಬಳ್ಳಿಯನ್ನು ನಂಬದೆ ಹಲವು ಬಳ್ಳಿಗಳ ಬೀಜ ಕೂಡಿಸುವುದು ಮೇಲು. ಕಾಯಿ ಕಹಿಯೆನಿಸಿದರೆ ಅದನ್ನು ತಿನ್ನಲೂಬಾರದು, ಬೀಜಕ್ಕೆ ಇಡಲೂಬಾರದು. ಈ ಕುಲದ ಕಾಯಿಗಳಲ್ಲಿ ಅಸಹಜವಾದ ಕಹಿ ವಿಷದ ಸೂಚನೆ.

ಸಂಶೋಧನಾಲಯಗಳು ಒಳ್ಳೆಯ ಬೀಜ ಕೊಡುತ್ತಿರುವಾಗ ಈ ಶ್ರಮವೇಕೆ ಎಂದು ಕೇಳುವವರುಂಟು. ಆ ಪ್ರಶ್ನೆ ಅಸಂಗತವಲ್ಲ. 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಸೂರ್ಯಮುಖಿಯ ಹಣ್ಣು ಸುಮಾರು 1 ಕಿಲೋ, ಅರ್ಕಾ ಚಂದನದ್ದು 2ರಿಂದ 3 ಕಿಲೋ ತೂಗುತ್ತದೆ. ಹತ್ತು ಕಿಲೋ ತೂಗುವ ಹಣ್ಣು ಕೂಡುಕುಟುಂಬಕ್ಕೆ ತಕ್ಕುದಾಗಿತ್ತು. ನಾಲ್ಕು ಜನರ ಮನೆಗೆ ಸಣ್ಣ ಹಣ್ಣೇ ಸರಿ. ಇಂತಹ ತಳಿಯನ್ನು ಹಿತ್ತಲಿಗೆ ತರುವುದು ವಿವೇಕ. ಆದರೆ ಸಂಕರ ತಳಿಯ ಮಾತು ಬೇರೆ. ಅದರ ಮೊದಲ ಬೆಳೆ ಸಮೃದ್ಧವಾಗಿದ್ದರೂ ಅದರಿಂದ ತೆಗೆದ ಬೀಜ ತಾಯಿಯಂತಹ ಹಣ್ಣನ್ನೇ ಕೊಡುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ಅಂಗಡಿಗೆ ಹೋಗಬೇಕು. ಮಾರಾಟಕ್ಕೆ ಬೆಳೆಯುವವನಿಗೆ ಆ ಲೆಕ್ಕ ಹೊಂದಬಹುದು. ಹಿತ್ತಲಿಗೆ ಅದು ಹೊಂದದು. ಸಂಶೋಧನಾಲಯವು ಇಡೀ ನಾಡನ್ನು ನೋಡಿ ತಳಿಯನ್ನು ರೂಪಿಸುತ್ತದೆ; ಪಂಚನಹಳ್ಳಿಯ ಒಂದು ಹಿತ್ತಲಿನ ಮಣ್ಣು, ಬಿಸಿಲು, ನಾಲಗೆಗಳನ್ನು ನೋಡಿ ಆರಿಸಬಲ್ಲವರು ಆ ಮನೆಯವರೇ.

ಭಾರತದ ಶಾಸನವೂ ಈ ಹಕ್ಕನ್ನು ಮನ್ನಿಸಿದೆ. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತನು ತಾನು ಬೆಳೆದ ಬೀಜವನ್ನು ಉಳಿಸುವ, ಮರಳಿ ಬಿತ್ತುವ, ಹಂಚಿಕೊಳ್ಳುವ ಅಧಿಕಾರವನ್ನು ಎತ್ತಿಹಿಡಿದಿದೆ. ಆದರೆ ಹಕ್ಕನ್ನು ಶಾಸನ ಕೊಡಬಹುದು, ಬೀಜವನ್ನು ಕೊಡಲಾರದು. ಒಂದು ಬೀದಿಯಲ್ಲಿ ಕೊನೆಯದಾಗಿ ಒಂದು ತಳಿಯನ್ನು ಉಳಿಸಿಕೊಂಡಿದ್ದ ಅಜ್ಜಿ ತೀರಿಕೊಂಡ ವರ್ಷ, ಆಕೆಯ ಬೀಜದ ಗಂಟನ್ನು ಯಾರೂ ಬಿಚ್ಚದಿದ್ದರೆ, ನೂರಾರು ವರ್ಷಗಳ ಆಯ್ಕೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ಹಣ ಕೊಟ್ಟರೂ ಅದು ಮರಳಿ ಬಾರದು.

ಆದುದರಿಂದ ಹಿತ್ತಲಿರುವ ಪ್ರತಿ ಮನೆಯೂ ಒಂದು ತಳಿಯನ್ನಾದರೂ ತನ್ನದೆಂದು ಆರಿಸಿ ಉಳಿಸುವುದು ಕರ್ತವ್ಯ. ಹಿರಿಯರನ್ನು ಕೇಳಿ, ಬೀಜ ಪಡೆದು, ಹೆಸರು ವರ್ಷ ಬರೆದಿಟ್ಟು, ಮುಂಗಾರಿನಲ್ಲಿ ಎರಡು ಗುಣಿ ತೋಡಿ ಬಿತ್ತಿದರೆ ಆ ಕಾರ್ಯ ಆರಂಭವಾದಂತೆ. ಬಿತ್ತಿದವರು ಹಣ್ಣನ್ನು ಉಣ್ಣಲಿ. ಆದರೆ ಅತ್ಯುತ್ತಮವಾದ ಹಣ್ಣಿನ ಬೀಜವನ್ನು ಮೊದಲು ತೆಗೆದಿರಿಸಲಿ.