ಸ್ಟ್ಯಾಕ್ಸ್ ಸಂಗೀತ: ಆಯ್ಕೆಯಲ್ಲ, ಸಮಗ್ರ

ಅಮೆರಿಕದ ಸೋಲ್ ಸಂಗೀತವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಐದಾರು ಜನಪ್ರಿಯ ಹಾಡುಗಳು ಮಾತ್ರ. ಮೆಂಫಿಸ್ ನಗರದ ಸ್ಟ್ಯಾಕ್ಸ್ ಸಂಸ್ಥೆಯ ಧ್ವನಿಮುದ್ರಣಗಳನ್ನು ಹೀಗೆ ಹೆಕ್ಕಿ ಕೇಳಿದರೆ ಸಾಲದು, ಕಾಲಾನುಕ್ರಮದಲ್ಲಿ ಇಡಿಯಾಗಿ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಬೇಂದ್ರೆಯವರನ್ನು ನಾಲ್ಕು ಭಾವಗೀತೆಗಳಿಂದ ಅಳೆಯಲೊಪ್ಪದ ಓದುಗರಿಗೆ ಈ ಮಾತು ಹೊಸದೇನಲ್ಲ.

1957ರಲ್ಲಿ ಜಿಮ್ ಸ್ಟುವರ್ಟ್ ಎಂಬ ಬ್ಯಾಂಕ್ ನೌಕರರು ಸ್ಯಾಟಲೈಟ್ ಎಂಬ ಹೆಸರಿನಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. ಅವರ ಅಕ್ಕ ಎಸ್ಟೆಲ್ ಆ್ಯಕ್ಸ್‌ಟನ್ ತಮ್ಮ ಮನೆಯನ್ನೇ ಅಡವಿಟ್ಟು ಧ್ವನಿಮುದ್ರಣ ಯಂತ್ರಕ್ಕೆ ಹಣ ಒದಗಿಸಿದರು. 1960ರಲ್ಲಿ ಮೆಕ್ಲೆಮೋರ್ ಅವೆನ್ಯೂವಿನ ಹಳೆಯ ಚಿತ್ರಮಂದಿರವೊಂದು ಅವರ ಸ್ಟುಡಿಯೋ ಆಯಿತು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ತೆರೆದರು. ನೆರೆಹೊರೆಯ ಯುವಕರು ಏನನ್ನು ಮೆಚ್ಚುತ್ತಾರೆಂಬುದು ಅಲ್ಲಿಯೇ ತಿಳಿಯುತ್ತಿತ್ತು. ಮರುವರ್ಷ ಇಬ್ಬರ ಹೆಸರಿನ ಮೊದಲಕ್ಷರಗಳು ಕೂಡಿ ಸ್ಟ್ಯಾಕ್ಸ್ ಆಯಿತು.

ಹಾಡುಗಾರರು ಬದಲಾಗುತ್ತಿದ್ದರೂ ಬಹುತೇಕ ಹಾಡುಗಳ ಹಿಂದೆ ನುಡಿಸುತ್ತಿದ್ದ ಕೈಗಳು ಅವೇ. ಬುಕರ್ ಟಿ. ಜೋನ್ಸ್, ಅಲ್ ಜಾಕ್ಸನ್ ಕಪ್ಪು ಜನಾಂಗದವರು. ಸ್ಟೀವ್ ಕ್ರಾಪರ್, ಡೊನಾಲ್ಡ್ ಡನ್ ಬಿಳಿಯರು. ವರ್ಣಭೇದ ಬೇರೂರಿದ್ದ ಊರಿನಲ್ಲಿ ಇವರು ದಿನವೂ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದರು. ಒಂದೆರಡು ಹಾಡು ಕೇಳಿದವರಿಗೆ ಗಾಯಕನಷ್ಟೇ ಕೇಳಿಸುತ್ತಾನೆ. ನೂರು ಹಾಡು ಕೇಳಿದವರಿಗೆ ಆ ಕೋಣೆ ಕೇಳಿಸತೊಡಗುತ್ತದೆ.

ಇದೆಲ್ಲ ಸಂಗ್ರಾಹಕರ ಚಟವಲ್ಲವೇ ಎಂದು ಯಾರಾದರೂ ಕೇಳಬಹುದು. 1959ರಿಂದ 1968ರವರೆಗಿನ ಬಿಡಿ ಹಾಡುಗಳ ಸಂಪುಟ 1991ರಲ್ಲಿ ಒಂಬತ್ತು ಸಿ.ಡಿ.ಗಳಲ್ಲಿ ಹೊರಬಂದಿತು, ಅದರಲ್ಲಿ 244 ಹಾಡುಗಳಿವೆ. ಎಲ್ಲವೂ ಶ್ರೇಷ್ಠವೆಂದು ನಾವು ಹೇಳಲಾರೆವು. ಆದರೆ ಸಪ್ಪೆಯಾದ ಪ್ರಯತ್ನಗಳನ್ನು ಕೇಳದವರಿಗೆ, ಓಟಿಸ್ ರೆಡಿಂಗ್ ಅವರ ಹಾಡಿನಲ್ಲಿ ತುತ್ತೂರಿಗಳು ಯಾವಾಗ ಸುಮ್ಮನಿರಬೇಕೆಂಬುದನ್ನು ಈ ಬಳಗ ಹೇಗೆ ಕಲಿತಿತೆಂಬುದು ತಿಳಿಯುವುದಿಲ್ಲ.

ಸಮಗ್ರವಾಗಿ ಕೇಳಲು ಇನ್ನೂ ಗಂಭೀರವಾದ ಕಾರಣವಿದೆ. 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ರೆಡಿಂಗ್ ತೀರಿಕೊಂಡರು. ಮರುವರ್ಷ, ವಿತರಕರಾಗಿದ್ದ ಅಟ್ಲಾಂಟಿಕ್ ಸಂಸ್ಥೆಯೊಡನೆ ಸಂಬಂಧ ಮುರಿದಾಗ, ಅಲ್ಲಿಯವರೆಗೆ ಅವರು ವಿತರಿಸಿದ ಮೂಲ ಮುದ್ರಣಗಳೆಲ್ಲ ಅಟ್ಲಾಂಟಿಕ್‌ನ ಸ್ವತ್ತೆಂದು ತಿಳಿಯಿತು. ಸ್ಟುವರ್ಟ್ ಸರಿಯಾಗಿ ಓದದೆ ಸಹಿ ಹಾಕಿದ್ದ ಒಪ್ಪಂದದ ಒಂದು ಷರತ್ತು ಇಡೀ ಗಳಿಕೆಯನ್ನು ಕೊಂಡೊಯ್ದಿತು. ಕಡತಗಳ ನಡುವೆ ಆಯುಷ್ಯ ಕಳೆಯುವ ನಮ್ಮಂಥವರಿಗೆ ಒಂದು ವಾಕ್ಯದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಅದೇ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಲೊರೇನ್ ಮೋಟೆಲಿನಲ್ಲಿ. ಸ್ಟ್ಯಾಕ್ಸ್ ಬಳಗದವರು ಕುಳಿತು ಹಾಡು ಕಟ್ಟುತ್ತಿದ್ದ ತಾಣವದು.

ಬರಿಗೈಯಾದ ಸಂಸ್ಥೆಯನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಪ್ರಮುಖರು ಕಪ್ಪು ಜನಾಂಗದ ಅಲ್ ಬೆಲ್. 1969ರಲ್ಲಿ ಒಮ್ಮೆಗೇ 27 ಆಲ್ಬಮ್‌ಗಳನ್ನು ಹೊರತಂದರು. ಮೂರು ನಿಮಿಷದ ಹಾಡುಗಳಿಗೆ ಹೆಸರಾದ ಮನೆಯಿಂದ ಐಸಾಕ್ ಹೇಯ್ಸ್ ಅವರ ಹದಿನೆಂಟು ನಿಮಿಷಕ್ಕೂ ಮೀರಿದ ಗಾಯನ ಬಂದಿತು. 1972ರ ಆಗಸ್ಟ್ 20ರ ವ್ಯಾಟ್‌ಸ್ಟ್ಯಾಕ್ಸ್ ಕಛೇರಿಗೆ ಟಿಕೆಟ್ ಒಂದು ಡಾಲರ್. ಲಾಸ್ ಏಂಜಲೀಸ್‌ನಲ್ಲಿ ಸೇರಿದವರು ಲಕ್ಷದಷ್ಟು. ಆದರೂ 1975ರ ಕೊನೆಗೆ ಸಂಸ್ಥೆ ದಿವಾಳಿಯಾಗಿ ಮುಚ್ಚಿತು.

ಆ ಚಿತ್ರಮಂದಿರವನ್ನು 1989ರಲ್ಲಿ ಕೆಡವಿದರು. 2003ರಲ್ಲಿ ಅದೇ ನೆಲದ ಮೇಲೆ ವಸ್ತುಸಂಗ್ರಹಾಲಯ ತೆರೆಯಿತು. ಮೊದಲ ಭಾಗದ ಹಾಡುಗಳ ಹಕ್ಕು ಒಂದು ಮನೆಯಲ್ಲಿ, 1968ರ ನಂತರದ್ದು ಇನ್ನೊಂದು ಮನೆಯಲ್ಲಿ ಉಳಿಯಿತು. ಕಾಗದಪತ್ರಗಳು ಪಾಲು ಮಾಡಿದ ಈ ಆಸ್ತಿಯನ್ನು ಮತ್ತೆ ಒಂದುಗೂಡಿಸಲು ಕೇಳುಗನಿಗೆ ಮಾತ್ರ ಸಾಧ್ಯ. ಆದ್ದರಿಂದ ಸಂಪುಟದ ಮೊದಲ ಹಾಡಿನಿಂದಲೇ ಆರಂಭಿಸಿ, 1968ಕ್ಕೆ ನಿಲ್ಲದೆ ಕೊನೆಯವರೆಗೂ ಕೇಳೋಣ. ಗಾಯಕರ ಹೆಸರಿನೊಡನೆ ನುಡಿಸಿದವರ ಹೆಸರುಗಳನ್ನೂ ನೆನಪಿಡೋಣ. ಹಕ್ಕಿನ ಕಾಗದದಲ್ಲಿ ಜಾಗ ಸಿಗದವರಿಗೆ ನಾವು ಸಲ್ಲಿಸಬಹುದಾದ ನ್ಯಾಯ ಅದು.